ಬುಸಾನ್‌ನ ಚುಂಗ್ನ್ಯೊಲ್‌ಸಾ ನೋಡಲು ಹೋಗುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚುಂಗ್ನ್ಯೊಲ್‌ಸಾ ಯಾರ ಸ್ಮಾರಕ?

1592ರಲ್ಲಿ ಜಪಾನಿನ ಸೇನೆ ಕೊರಿಯಾಕ್ಕೆ ನುಗ್ಗಿದಾಗ ಮೊದಲ ಏಟು ಬಿದ್ದದ್ದು ಬುಸಾನ್ ಮೇಲೆ. ಆಗ ಬುಸಾನ್‌ಜಿನ್, ದೋಂಗ್ನೆ, ದಾದೆಪೋ ಕೋಟೆಗಳಲ್ಲಿ ನಿಂತು ಹೋರಾಡಿ ಮಡಿದವರ ನೆನಪಿನ ಮಂದಿರ ಇದು. ದೋಂಗ್ನೆಯ ಆಡಳಿತಾಧಿಕಾರಿ ಸೋಂಗ್ ಸಾಂಗ್‌ಹ್ಯೊನ್, ಬುಸಾನ್‌ಜಿನ್ ಕೋಟೆಯ ದಂಡನಾಯಕ ಜೊಂಗ್ ಬಾಲ್, ದಾದೆಪೋ ಠಾಣೆಯ ಮುಖ್ಯಸ್ಥ ಯುನ್ ಹುಂಗ್‌ಸಿನ್ ಇಲ್ಲಿನ ಮೂವರು ಪ್ರಮುಖರು. ಅವರ ಜೊತೆಗೆ ಕಿರಿಯ ಅಧಿಕಾರಿಗಳು, ಸೈನಿಕರು, ಊರವರು ಸೇರಿ 90ಕ್ಕೂ ಹೆಚ್ಚು ಹೆಸರಿನ ಹಲಗೆಗಳು ಇಲ್ಲಿವೆ. ಮಂದಿರ ಇರುವುದು ಬುಸಾನ್ ಮಹಾನಗರದ ದೋಂಗ್ನೆ ಭಾಗದಲ್ಲಿ, ಅಲ್ಲಾಕ್ ಬಡಾವಣೆಯ ಗುಡ್ಡದ ಬುಡಕ್ಕೆ.

ಹೋಗುವ ಮೊದಲು ಯಾವ ಇತಿಹಾಸ ತಿಳಿದಿರಬೇಕು?

ಮೂರು ದಿನಗಳ ಕಥೆ ಗೊತ್ತಿದ್ದರೆ ಸಾಕು. ಅದು ಗೊತ್ತಿಲ್ಲದೆ ಹೋದವರಿಗೆ ಮಂದಿರ ಒಂದು ಅಚ್ಚುಕಟ್ಟಾದ ಉದ್ಯಾನದಂತೆ ಕಾಣುತ್ತದೆ, ಅಷ್ಟೇ.

ಜಪಾನನ್ನು ಒಂದುಗೂಡಿಸಿದ ಟೊಯೊಟೊಮಿ ಹಿಡೆಯೊಶಿಯ ಕಣ್ಣು ಚೀನಾದ ಮಿಂಗ್ ಸಾಮ್ರಾಜ್ಯದ ಮೇಲಿತ್ತು. ಅಲ್ಲಿಗೆ ಹೋಗಲು ಕೊರಿಯಾದ ಮೂಲಕ ದಾರಿ ಬೇಕಿತ್ತು. 1592ರ ಮೇ 23ರಂದು ಕೊನಿಶಿ ಯುಕಿನಾಗನ ಮೊದಲ ದಳ ಹಡಗುಗಳಲ್ಲಿ ಬುಸಾನ್ ಕೊಲ್ಲಿಗೆ ಬಂತು. ಆ ದಳದಲ್ಲಿದ್ದವರು ಸುಮಾರು 18,700 ಜನ. ಮರುದಿನ, ಮೇ 24ರಂದು, ಬುಸಾನ್‌ಜಿನ್ ಕೋಟೆ ಬಿತ್ತು, ಜೊಂಗ್ ಬಾಲ್ ಹೋರಾಡುತ್ತಲೇ ಮಡಿದರು. ಕಪ್ಪು ಯುದ್ಧದುಡುಗೆ ತೊಡುತ್ತಿದ್ದ ಅವರನ್ನು ಕರಿಯುಡುಪಿನ ಸೇನಾನಿ ಎಂದೇ ನೆನೆಯುತ್ತಾರೆ.

ಮೇ 25ರಂದು ಅದೇ ಸೇನೆ ದೋಂಗ್ನೆ ಕೋಟೆಯ ದಕ್ಷಿಣ ದ್ವಾರದ ಎದುರು ನಿಂತು ಒಂದು ಮರದ ಹಲಗೆ ನೆಟ್ಟಿತು: ಕಾದುವುದಾದರೆ ಕಾದು, ಇಲ್ಲವಾದರೆ ದಾರಿ ಬಿಡು. ಸೋಂಗ್ ಸಾಂಗ್‌ಹ್ಯೊನ್ ಉತ್ತರವನ್ನು ಇನ್ನೊಂದು ಹಲಗೆಯ ಮೇಲೆ ಬರೆಸಿ ಹೊರಗೆಸೆಯಿಸಿದರು: ಕಾದಿ ಸಾಯುವುದು ಸುಲಭ, ದಾರಿ ಬಿಡುವುದು ಕಷ್ಟ. ನೆರವಿಗೆಂದು ಕೋಟೆಯೊಳಗೆ ಬಂದಿದ್ದ ಪ್ರಾಂತದ ಸೇನಾಪತಿ ಯಿ ಗಾಕ್ ಅಷ್ಟರಲ್ಲಿ ಹೊರಗೆ ಸರಿದಿದ್ದ. ಪಕ್ಕದ ಯಾಂಗ್ಸಾನ್‌ನ ಅಧಿಕಾರಿ ಜೋ ಯೊಂಗ್‌ಗ್ಯು ಮಾತ್ರ ಒಳಗೇ ಉಳಿದು ಪ್ರಾಣ ಕೊಟ್ಟರು. ಬಂದೂಕುಗಳ ಮುಂದೆ ಕೋಟೆ ಒಂದು ದಿನವೂ ತಾಳಲಿಲ್ಲ. ಕೊನೆಯ ಗಳಿಗೆಯಲ್ಲಿ ಸೋಂಗ್ ಯುದ್ಧಕವಚದ ಮೇಲೆ ಆಸ್ಥಾನದ ಉಡುಪು ಹೊದ್ದು, ರಾಜನಿದ್ದ ಉತ್ತರ ದಿಕ್ಕಿಗೆ ನಮಸ್ಕರಿಸಿ, ಬೀಸಣಿಗೆಯ ಮೇಲೆ ತಂದೆಗೆ ನಾಲ್ಕು ಸಾಲು ಬರೆದರು. ಒಂಟಿ ಕೋಟೆಯನ್ನು ಚಂದ್ರನ ಸುತ್ತಣ ಬಳೆಯಂತೆ ಶತ್ರು ಸುತ್ತುವರಿದಿದ್ದಾನೆ, ಅಕ್ಕಪಕ್ಕದ ಠಾಣೆಗಳು ನಿಶ್ಚಿಂತೆಯಿಂದ ಮಲಗಿವೆ, ಅರಸನ ಋಣ ದೊಡ್ಡದು, ತಂದೆ ಮಗನ ಮಮತೆ ಅದರ ಮುಂದೆ ಹಗುರ ಎಂದು. ಆಗ ಅವರ ವಯಸ್ಸು ಸುಮಾರು ನಲವತ್ತು. ಅವರ ಧೈರ್ಯಕ್ಕೆ ತಲೆಬಾಗಿ ಜಪಾನಿ ಸೇನೆಯವರೇ ಅವರನ್ನು ಗೌರವದಿಂದ ಮಣ್ಣು ಮಾಡಿದರು. ಈಗ ಅವರ ಸಮಾಧಿ ಇರುವುದು ಛೊಂಗ್‌ಜು ಊರಿನಲ್ಲಿ.

ಇದು ಬೌದ್ಧ ದೇವಾಲಯವೇ? ಪೂಜೆ, ಪ್ರಸಾದ, ಹುಂಡಿ ಇದೆಯೇ?

ಅಲ್ಲ. ಇದು ಕನ್‌ಫ್ಯೂಷಿಯಸ್ ಪದ್ಧತಿಯ ಸ್ಮಾರಕ ಮಂದಿರ. ಬುದ್ಧನ ವಿಗ್ರಹವಾಗಲಿ, ಭಿಕ್ಷುಗಳಾಗಲಿ ಇಲ್ಲ. ಗರ್ಭಗುಡಿಯ ಜಾಗದಲ್ಲಿ ಇರುವುದು ಮಡಿದವರ ಹೆಸರು, ಪದವಿ ಬರೆದ ಮರದ ಹಲಗೆಗಳು. ಅವುಗಳಿಗೆ ವಿಪೆ ಎನ್ನುತ್ತಾರೆ. ದಿನನಿತ್ಯದ ಪೂಜೆ, ಮಂಗಳಾರತಿ, ತೀರ್ಥ ಯಾವುದೂ ಇಲ್ಲ. ಹಣ್ಣುಕಾಯಿ, ಹೂವಿನ ಹಾರ ತರುವ ಅಗತ್ಯವಿಲ್ಲ. ಸಭಾಂಗಣದ ಒಳಗೆ ಸಾರ್ವಜನಿಕರು ಕಾಲಿಡುವುದಿಲ್ಲವಾದ್ದರಿಂದ ಅಂಗಳದಲ್ಲಿ ಚಪ್ಪಲಿ ಬಿಡುವ ಪ್ರಶ್ನೆಯೂ ಬರುವುದಿಲ್ಲ.

ಮ್ಯಾಪ್‌ನಲ್ಲಿ ಹುಡುಕಿದರೆ ಬೇರೆ ಊರು ತೋರಿಸುತ್ತದಲ್ಲ?

ಹೆಚ್ಚು ಜನ ಎಡವುವುದು ಇಲ್ಲೇ. ಇದೇ ಹೆಸರಿನ ಮಂದಿರಗಳು ಕೊರಿಯಾದಲ್ಲಿ ಹಲವು. ತೊಂಗ್‌ಯೊಂಗ್ ಮತ್ತು ನಾಮ್ಹೆ ಊರುಗಳಲ್ಲಿರುವವು ನೌಕಾಪತಿ ಯಿ ಸುನ್‌ಸಿನ್ ಅವರ ಸ್ಮಾರಕಗಳು. ಗಾಂಗ್ವಾ ದ್ವೀಪದಲ್ಲಿರುವುದು 1637ರ ಮಂಚು ದಾಳಿಯಲ್ಲಿ ಸತ್ತವರದ್ದು. ಬುಸಾನ್‌ನಿಂದ ತೊಂಗ್‌ಯೊಂಗ್‌ಗೆ ಬಸ್ಸಿನಲ್ಲಿ ಹೋದರೆ ಅರ್ಧ ದಿನ ಕಳೆದೇ ಹೋಗುತ್ತದೆ. ಹಾಗಾಗಿ ಹುಡುಕುವಾಗ ಹೆಸರಿನ ಹಿಂದೆ 'ಬುಸಾನ್' ಅಥವಾ 'ದೋಂಗ್ನೆ' ಸೇರಿಸಿ. ಟ್ಯಾಕ್ಸಿಯವರಿಗೆ 'ದೋಂಗ್ನೆ ಚುಂಗ್ನ್ಯೊಲ್‌ಸಾ' ಎಂದರೆ ಗೊಂದಲವಿರುವುದಿಲ್ಲ.

ನಡೆದು ಹೋಗುವ ದಾರಿಗೆ ಕೊರಿಯಾದಲ್ಲಿ ನೇವರ್ ಮ್ಯಾಪ್ ಇಲ್ಲವೇ ಕಕಾವೊ ಮ್ಯಾಪ್ ನಂಬಿಕೆಗೆ ಯೋಗ್ಯ. ಎರಡನ್ನೂ ಹೊರಡುವ ಮೊದಲೇ ಫೋನಿಗೆ ಹಾಕಿಕೊಳ್ಳಿ.

ಬುಸಾನ್ ರೈಲು ನಿಲ್ದಾಣದಿಂದ ಹೇಗೆ ಹೋಗುವುದು?

ಮೆಟ್ರೊ 1ನೇ ಮಾರ್ಗದಲ್ಲಿ ನೋಪೊ ದಿಕ್ಕಿನ ರೈಲು ಹತ್ತಿ. ಸೊಮ್ಯೊನ್, ಸಿಟಿ ಹಾಲ್, ಯೊನ್ಸಾನ್ ದಾಟಿ ದೋಂಗ್ನೆಯಲ್ಲಿ ಇಳಿಯಿರಿ. ಅಲ್ಲಿ 4ನೇ ಮಾರ್ಗಕ್ಕೆ ಬದಲಾಯಿಸಿ ಆನ್‌ಪ್ಯೊಂಗ್ ದಿಕ್ಕಿಗೆ ಹೋದರೆ ಮೂರನೆಯ ನಿಲ್ದಾಣವೇ ಚುಂಗ್ನ್ಯೊಲ್‌ಸಾ. ನಡುವೆ ಬರುವವು ಸುಆನ್ ಮತ್ತು ನಾಂಗ್ಮಿನ್. 4ನೇ ಮಾರ್ಗದ ರೈಲು ಚಿಕ್ಕದು, ರಬ್ಬರ್ ಚಕ್ರದ್ದು, ಚಾಲಕ ಇರುವುದಿಲ್ಲ. ದೋಂಗ್ನೆಯಲ್ಲಿ ಇದರ ಉಲ್ಟಾ ದಿಕ್ಕು ಒಂದೇ ನಿಲ್ದಾಣಕ್ಕೆ, ಮಿನಾಮ್‌ನಲ್ಲಿ, ಮುಗಿದುಹೋಗುತ್ತದೆ. ಅಲ್ಲಿಗೆ ಹೋದರೂ ಅದೇ ರೈಲು ಮರಳಿ ಬರುತ್ತದೆ, ಗಾಬರಿ ಬೇಡ.

ಗಿಮ್ಹೆ ವಿಮಾನ ನಿಲ್ದಾಣದಿಂದ ನೇರವಾಗಿ ಬರುವವರು ಲೈಟ್ ರೈಲಿನಲ್ಲಿ ದೆಜೊಗೆ ಬಂದು, 3ನೇ ಮಾರ್ಗದಲ್ಲಿ ಮಿನಾಮ್‌ವರೆಗೆ, ಅಲ್ಲಿಂದ 4ನೇ ಮಾರ್ಗ ಹಿಡಿಯಬಹುದು. ರಾಜಧಾನಿ ಸೋಲ್‌ನಿಂದ ಕೆಟಿಎಕ್ಸ್ ವೇಗದ ರೈಲಿಗೆ ಎರಡೂವರೆಯಿಂದ ಮೂರು ಗಂಟೆ ಬೇಕು. ಬೆಳಗಿನ ರೈಲಿಗೆ ಬಂದರೆ ಒಂದೇ ದಿನದಲ್ಲಿ ನೋಡಿ ಮರಳುವುದು ಸಾಧ್ಯ, ಆದರೆ ಆ ಅವಸರ ಈ ಜಾಗಕ್ಕೆ ಒಪ್ಪುವುದಿಲ್ಲ.

ಹಣ ತುಂಬಿ ಬಳಸುವ ಟಿಮನಿ ಪ್ರಯಾಣ ಕಾರ್ಡ್ ಬುಸಾನ್ ಮೆಟ್ರೊ, ಬಸ್ಸು ಎರಡರಲ್ಲೂ ನಡೆಯುತ್ತದೆ. ನಿಲ್ದಾಣದ ಯಂತ್ರದಲ್ಲಿ ಹಣ ತುಂಬಲು ಸಾಮಾನ್ಯವಾಗಿ ನಗದು ನೋಟೇ ಬೇಕಾಗುವುದರಿಂದ ಕೈಯಲ್ಲಿ ಒಂದಿಷ್ಟು ವೊನ್ ಇರಲಿ.

ಪ್ರವೇಶ ಶುಲ್ಕ ಎಷ್ಟು? ಎಷ್ಟು ಹೊತ್ತು ಬೇಕು?

ಶುಲ್ಕ ಇಲ್ಲ. ಒಂದೂವರೆ ಗಂಟೆ ಇಟ್ಟುಕೊಳ್ಳಿ. ಸ್ಮಾರಕ ವಸ್ತುಸಂಗ್ರಹವನ್ನು ನಿಧಾನವಾಗಿ ನೋಡುವವರಿಗೆ ಎರಡು ಗಂಟೆ. ಹಗಲಲ್ಲಷ್ಟೇ ನೋಡಬೇಕಾದ ಜಾಗ, ಮಧ್ಯಾಹ್ನ 3ರೊಳಗೆ ಒಳಗಿದ್ದರೆ ಬಾಗಿಲು ಹಾಕುವ ಚಿಂತೆ ಇಲ್ಲದೆ ಓಡಾಡಬಹುದು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗಳ ಬಹುತೇಕ ಖಾಲಿ ಇರುತ್ತದೆ.

ಒಳಗೆ ಯಾವ ಕ್ರಮದಲ್ಲಿ ನೋಡುವುದು ಒಳ್ಳೆಯದು?

ಹೆಚ್ಚಿನವರು ನೇರ ಮೆಟ್ಟಿಲು ಹತ್ತಿ ಮುಖ್ಯ ಸಭಾಂಗಣಕ್ಕೆ ಹೋಗಿ, ಒಂದು ಫೋಟೊ ತೆಗೆದು, ಇಳಿದುಬಿಡುತ್ತಾರೆ. ಅದರ ಬದಲು ಮೊದಲು ಸ್ಮಾರಕ ವಸ್ತುಸಂಗ್ರಹಕ್ಕೆ ಹೋಗಿ. ಯುದ್ಧದ ದೃಶ್ಯಗಳ ಚಿತ್ರಗಳು, ಆ ಕಾಲದ ಆಯುಧ ಮತ್ತು ದಾಖಲೆಗಳು ಅಲ್ಲಿವೆ. ಯಾರು ಎಲ್ಲಿ ನಿಂತಿದ್ದರು, ಶತ್ರು ಯಾವ ಕಡೆಯಿಂದ ಬಂದ ಎಂಬುದು ಮನಸ್ಸಿನಲ್ಲಿ ಕೂತ ಮೇಲೆ ಮೇಲಿನ ಹೆಸರುಗಳಿಗೆ ಮುಖ ಬರುತ್ತದೆ. ನಂತರ ಸೋಂಗ್ ಅವರ ಆ ಉತ್ತರವನ್ನು ಕೆತ್ತಿದ ಕಲ್ಲು, ಅಲ್ಲಾಕ್ ಸೊವೊನ್ ವಿದ್ಯಾಲಯದ ಪಾಠಶಾಲೆಯಾದ ಸೋಜುಲ್‌ದಾಂಗ್, ಆಮೇಲೆ ಹೆಂಗಸರ ಪುಟ್ಟ ಮಂದಿರವಾದ ಉಯಿಯೊಲ್‌ಗಾಕ್, ಎಲ್ಲಕ್ಕಿಂತ ಕೊನೆಗೆ ಮುಖ್ಯ ಸಭಾಂಗಣ.

ಮೂರು ಬಾಗಿಲಿನ ದ್ವಾರದಲ್ಲಿ ಯಾವುದರಿಂದ ಹೋಗಬೇಕು?

ಒಳಗೆ ಹೋಗುವಾಗ ನಿಮ್ಮ ಬಲಗಡೆಯ, ಅಂದರೆ ಪೂರ್ವದ ಬಾಗಿಲು. ಬರುವಾಗ ಪಶ್ಚಿಮದ ಬಾಗಿಲು, ಅದೂ ಆಗ ನಿಮ್ಮ ಬಲಕ್ಕೇ ಸಿಗುತ್ತದೆ. ನಡುವಿನದು ಮಡಿದವರ ಆತ್ಮಗಳಿಗೆ ಮೀಸಲು. ಅದು ತೆರೆದಿದ್ದರೂ ದಾಟಬೇಡಿ, ಅದರ ಹೊಸ್ತಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ಹೊಸ್ತಿಲನ್ನು ತುಳಿಯದೆ ದಾಟುವುದು ನಮಗೆ ಹೇಳಿಕೊಡಬೇಕಾದ ವಿಷಯವಲ್ಲ, ಅಲ್ಲೂ ಅದೇ ರೂಢಿ.

ಗೌರವ ಸಲ್ಲಿಸುವ ಕ್ರಮ ಹೇಗೆ? ವಿದೇಶಿಯರು ಧೂಪ ಹಾಕಬಹುದೇ?

ಹಾಕಬಹುದು, ಯಾರೂ ತಡೆಯುವುದಿಲ್ಲ. ಸಭಾಂಗಣದ ಮುಂದೆ ಧೂಪದ ಪಾತ್ರೆ ಇರುತ್ತದೆ. ಟೋಪಿ, ಕಪ್ಪು ಕನ್ನಡಕ ತೆಗೆಯಿರಿ, ಬ್ಯಾಗನ್ನು ಪಕ್ಕಕ್ಕಿಡಿ. ಪುಡಿ ಧೂಪ ಇಟ್ಟಿದ್ದರೆ ಬಲಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಒಂದು ಚಿಟಿಕೆ ತೆಗೆದು, ಎಡಗೈಯಿಂದ ಬಲ ಮಣಿಕಟ್ಟನ್ನು ತಾಗಿ ಹಿಡಿದು, ಕೆಂಡದ ಮೇಲೆ ಮೆಲ್ಲಗೆ ಬಿಡಿ. ಹೀಗೆ ಮೂರು ಸಲ. ಚಿಟಿಕೆ ದೊಡ್ಡದಾದರೆ ಕೆಂಡ ಮುಚ್ಚಿಹೋಗಿ ಹೊಗೆಯೇ ಬರುವುದಿಲ್ಲ, ನಾಲ್ಕಾರು ಕಾಳಿನಷ್ಟಿದ್ದರೆ ಸಾಕು. ಕಡ್ಡಿ ಧೂಪವಾದರೆ ಜ್ವಾಲೆಯನ್ನು ಬಾಯಿಂದ ಊದದೆ ಕೈ ಬೀಸಿ ಆರಿಸಿ.

ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದು, ತಲೆ ಬಾಗಿಸಿ ಸುಮಾರು ಒಂದು ನಿಮಿಷ ಮೌನವಾಗಿ ನಿಲ್ಲಿ. ಸಾಷ್ಟಾಂಗ ಬೇಕಿಲ್ಲ. ಕೈಮುಗಿದರೆ ತಪ್ಪೇನಿಲ್ಲ, ಆದರೆ ಅಲ್ಲಿಯವರು ಕೈಗಳನ್ನು ಹೊಟ್ಟೆಯ ಮುಂದೆ ಒಂದರ ಮೇಲೊಂದು ಇಟ್ಟು ತಲೆ ಬಾಗಿಸುತ್ತಾರೆ. ಕೆಂಡ ಹಾಕಿರದ ದಿನವೂ ಇರುತ್ತದೆ. ಆಗ ಮೌನವಷ್ಟೇ ಸಾಕು, ನೀವೇ ಬೆಂಕಿಪೊಟ್ಟಣ ತೆಗೆಯಬೇಡಿ.

ಉಯಿಯೊಲ್‌ಗಾಕ್ ಎಂದರೇನು? ತಪ್ಪದೆ ನೋಡಬೇಕು ಎನ್ನುವುದೇಕೆ?

ಹೆಂಗಸರ ಹೆಸರಿನ ಹಲಗೆಗಳಿರುವ ಪುಟ್ಟ ಮಂದಿರ ಅದು. ನಾಲ್ವರಿಗೆ ಅಲ್ಲಿ ಸ್ಥಾನ. ಒಬ್ಬಳು ಗುಮ್‌ಸೊಮ್, ಸೋಂಗ್ ಸಾಂಗ್‌ಹ್ಯೊನ್ ಅವರ ಸಂಗಾತಿ. ಸೆರೆಸಿಕ್ಕ ಮೇಲೂ ಶತ್ರುಗಳನ್ನು ಬೈಯುತ್ತಲೇ ಇದ್ದು ಅವರ ಕೈಯಲ್ಲೇ ಸತ್ತಳು. ಇನ್ನೊಬ್ಬಳು ಎಹ್ಯಾಂಗ್, ಜೊಂಗ್ ಬಾಲ್ ಅವರ ಸಂಗಾತಿ, ಅವರ ಶವದ ಬಳಿಯೇ ಪ್ರಾಣ ಬಿಟ್ಟಳು. ಉಳಿದಿಬ್ಬರ ಹೆಸರು ಯಾವ ಕಡತದಲ್ಲೂ ಉಳಿದಿಲ್ಲ. ದೋಂಗ್ನೆ ಕೋಟೆಯೊಳಕ್ಕೆ ಶತ್ರು ನುಗ್ಗಿದಾಗ ಅವರು ಕಿಮ್ ಸಾಂಗ್ ಎಂಬ ಊರಿನವನ ಜೊತೆ ಮನೆಯ ಮಾಡು ಹತ್ತಿ, ಹೆಂಚು ಕಿತ್ತು ಕಿತ್ತು ಕೊಟ್ಟರು, ಅವನು ಎಸೆದ. ಮೂವರೂ ಅಲ್ಲೇ ಕೊಲ್ಲಲ್ಪಟ್ಟರು.

ದಂಡನಾಯಕರಿಗೆ ಪ್ರತಿಮೆ, ಚೌಕ, ರಸ್ತೆಯ ಹೆಸರು ಎಲ್ಲವೂ ಇವೆ. ಹೆಂಚು ಕಿತ್ತುಕೊಟ್ಟ ಆ ಇಬ್ಬರಿಗೆ ಇರುವುದು ಈ ಒಂದು ಚಿಕ್ಕ ಕಟ್ಟಡ. ಸಮಯ ಕಡಿಮೆ ಇದ್ದರೆ ಬೇರೇನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಕಟ್ಟಡಗಳು ನಿಜಕ್ಕೂ 400 ವರ್ಷ ಹಳೆಯವೇ?

ಸಂಸ್ಥೆ ಹಳೆಯದು, ಈಗ ಕಾಣುವ ಕಟ್ಟಡಗಳಲ್ಲ. 1605ರಲ್ಲಿ ದೋಂಗ್ನೆಯ ಅಧಿಕಾರಿ ಯುನ್ ಹ್ವೊನ್ ಕೋಟೆಯ ದಕ್ಷಿಣ ದ್ವಾರದ ಒಳಗೆ ಸೋಂಗ್ ಅವರಿಗಾಗಿ ಒಂದು ಚಿಕ್ಕ ಮಂದಿರ ಕಟ್ಟಿಸಿದರು. 1624ರಲ್ಲಿ ಅರಮನೆಯಿಂದ 'ಚುಂಗ್ನ್ಯೊಲ್‌ಸಾ' ಎಂಬ ಹೆಸರಿನ ಫಲಕ ಬಂತು, ಜೊಂಗ್ ಬಾಲ್ ಅವರನ್ನೂ ಸೇರಿಸಿದರು. ಆ ಜಾಗ ಇಕ್ಕಟ್ಟಾಯಿತೆಂದು 1652ರಲ್ಲಿ ಈಗಿನ ಗುಡ್ಡದ ಬುಡಕ್ಕೆ ತಂದು, ಜೊತೆಗೆ ಅಲ್ಲಾಕ್ ಸೊವೊನ್ ಎಂಬ ವಿದ್ಯಾಲಯವನ್ನೂ ನಿಲ್ಲಿಸಿದರು. ಬೇರೆ ಕಡೆ ಇದ್ದ ಉಳಿದ ಹುತಾತ್ಮರ ಹಲಗೆಗಳು 1736ರಲ್ಲಿ ಇಲ್ಲಿಗೆ ಬಂದವು. 1871ರಲ್ಲಿ ದೊರೆಯ ತಂದೆ ಹುಂಗ್‌ಸೊನ್ ದೇವೊಂಗುನ್ ದೇಶದ ನೂರಾರು ಸೊವೊನ್‌ಗಳನ್ನು ಮುಚ್ಚಿಸಿ 47ನ್ನು ಮಾತ್ರ ಉಳಿಸಿದಾಗ, ಉಳಿದವುಗಳಲ್ಲಿ ಇದೂ ಒಂದು.

ವಿಶಾಲ ಅಂಗಳ, ಕೊಳ, ಅಗಲವಾದ ಮೆಟ್ಟಿಲು ಸಾಲು ಇವೆಲ್ಲ 1976ರಿಂದ 1978ರವರೆಗೆ ಸರ್ಕಾರ ಇಡೀ ಆವರಣವನ್ನು ಹಿಗ್ಗಿಸಿ ಮತ್ತೆ ಕಟ್ಟಿಸಿದ್ದರ ಫಲ. ಹಳೆಯ ಮರದ ಕೆಲಸ ನೋಡಲೆಂದೇ ಬಂದವರಿಗೆ ನಿರಾಸೆಯಾಗುತ್ತದೆ. ಅಂಥವರು ಇದರ ಜೊತೆಗೆ ಬೊಮೊಸಾ ಬೌದ್ಧ ದೇವಾಲಯಕ್ಕೂ ಹೋಗಿ ಬರಲಿ, ಅದು 1ನೇ ಮಾರ್ಗದಲ್ಲೇ ಇದೆ.

ಮೇ 25ರಂದು ಹೋದರೆ ಏನು ನೋಡಲು ಸಿಗುತ್ತದೆ?

ದೋಂಗ್ನೆ ಬಿದ್ದ ದಿನ ಅದು. ಪ್ರತಿ ವರ್ಷ ಅಂದು ಬುಸಾನ್ ನಗರಾಡಳಿತದ ವತಿಯಿಂದ ಜೆಹ್ಯಾಂಗ್ ಎಂಬ ಸ್ಮರಣಾ ವಿಧಿ ನಡೆಯುತ್ತದೆ. ಉದ್ದ ತೋಳಿನ ವಿಧಿಯುಡುಪು ತೊಟ್ಟವರು ಧೂಪ ಹಾಕಿ, ಮದ್ಯದ ಬಟ್ಟಲನ್ನು ಒಬ್ಬರ ನಂತರ ಒಬ್ಬರಂತೆ ಮೂರು ಸಲ ಅರ್ಪಿಸುತ್ತಾರೆ. ಮೊದಲ ಅರ್ಪಣೆ ಚೋಹೊನ್, ಎರಡನೆಯದು ಆಹೊನ್, ಮೂರನೆಯದು ಜೊಂಗ್‌ಹೊನ್. ಮೊದಲನೆಯದರ ನಂತರ ಮಡಿದವರನ್ನು ಉದ್ದೇಶಿಸಿ ಬರೆದ ಪಠ್ಯವನ್ನು ರಾಗವಾಗಿ ಓದುತ್ತಾರೆ. ಇದಲ್ಲದೆ ಚಾಂದ್ರಮಾನದ ಎರಡನೆಯ ಮತ್ತು ಎಂಟನೆಯ ತಿಂಗಳುಗಳಲ್ಲಿ ಸೊವೊನ್ ಪರಂಪರೆಯವರು ನಡೆಸುವ ವಿಧಿಗಳೂ ಇವೆ.

ಮೇ 25ಕ್ಕೆ ಹೋಗುವವರು ಬೆಳಿಗ್ಗೆ ಬೇಗ ತಲುಪಿ, ಅಂಗಳದ ಅಂಚಿನಲ್ಲಿ ನಿಲ್ಲಿ. ಕುರ್ಚಿಗಳು ಆಹ್ವಾನಿತರಿಗೆ. ಎಲ್ಲರೂ ಎದ್ದು ತಲೆಬಾಗಿಸಿದಾಗ ಕ್ಯಾಮೆರಾ ಕೆಳಗಿರಲಿ. ಸುಮ್ಮನೆ ಮಂದಿರ ನೋಡುವುದಷ್ಟೇ ಉದ್ದೇಶವಾದರೆ ಆ ದಿನ ಬೇಡ, ಮುಖ್ಯ ಸಭಾಂಗಣದ ಹತ್ತಿರ ಸುಳಿಯಲೂ ಜಾಗ ಸಿಗುವುದಿಲ್ಲ.

ಸುಆನ್ ನಿಲ್ದಾಣದೊಳಗಿನ ವಸ್ತುಸಂಗ್ರಹಾಲಯ ನೋಡಲೇಬೇಕೇ?

ನೋಡಲೇಬೇಕು, ಸಾಧ್ಯವಾದರೆ ಮಂದಿರಕ್ಕಿಂತ ಮೊದಲು. 4ನೇ ಮಾರ್ಗಕ್ಕಾಗಿ 2005ರಲ್ಲಿ ನೆಲ ಅಗೆಯುವಾಗ ದೋಂಗ್ನೆ ಕೋಟೆಯ ಕಂದಕ ಸಿಕ್ಕಿತು. ಕಂದಕದ ಕಲ್ಲಿನ ಗೋಡೆ, ತಳದಲ್ಲಿ ನೆಟ್ಟಿದ್ದ ಚೂಪು ಗೂಟಗಳು, ಕತ್ತಿ, ಬಾಣದ ಮೊನೆ, ಕವಚದ ತುಂಡುಗಳು, ಅವುಗಳ ನಡುವೆ ಕನಿಷ್ಠ 81 ಜನರ ಎಲುಬು. ಕೆಲವು ತಲೆಬುರುಡೆಗಳಲ್ಲಿ ಕತ್ತಿಯ ಏಟಿನ ಗುರುತಿದೆ, ಗುಂಡು ತೂರಿದ ತೂತಿದೆ. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಗ್ರಂಥಗಳಲ್ಲಿ ಓದಿದ ಕೋಟೆಯ ಕೊನೆಯ ದಿನ ಇಲ್ಲಿ ಕಣ್ಣೆದುರಿಗೇ ಇದೆ. ನಿಲ್ದಾಣದ ಒಳಗೇ ಕಂದಕದ ಭಾಗವನ್ನು ಮರುನಿರ್ಮಿಸಿ 2011ರಲ್ಲಿ ಈ ಸಂಗ್ರಹಾಲಯ ತೆರೆದರು.

ಪ್ರವೇಶ ಉಚಿತ, ಸೋಮವಾರ ರಜೆ. ಸೋಮವಾರ ಬಂದು ಮುಚ್ಚಿದ ಬಾಗಿಲು ನೋಡಿ ಹೋಗುವವರು ಬಹಳ. ಚಿಕ್ಕ ಮಕ್ಕಳಿದ್ದರೆ ಒಳಗೆ ಏನಿದೆ ಎಂದು ಮೊದಲೇ ಹೇಳಿ ಕರೆದೊಯ್ಯಿರಿ.

ಇದೇ ಯುದ್ಧಕ್ಕೆ ಸೇರಿದ ಬೇರೆ ಜಾಗಗಳು?

ದೋಂಗ್ನೆ ಮಾರುಕಟ್ಟೆಯ ಹತ್ತಿರದ ಸೋಂಗ್‌ಗೋಂಗ್‌ದಾನ್ ಎಂಬ ಕಟ್ಟೆ, ಸೋಂಗ್ ಮಡಿದ ಜಾಗದಲ್ಲಿ 1742ರಲ್ಲಿ ಕಟ್ಟಿದ್ದು. ಜೊಂಗ್ ಬಾಲ್ ಅವರದ್ದು ಜೊಂಗ್‌ಗೋಂಗ್‌ದಾನ್, 1ನೇ ಮಾರ್ಗದ ಜ್ವಾಚೊನ್ ನಿಲ್ದಾಣದ ಹತ್ತಿರ. ಯುನ್ ಹುಂಗ್‌ಸಿನ್ ಅವರದ್ದು ಯುನ್‌ಗೋಂಗ್‌ದಾನ್, ದೂರದ ದಾದೆಪೋದಲ್ಲಿ. ಗುಮ್‌ಗಾಂಗ್ ಉದ್ಯಾನದೊಳಗೆ ಒಂದು ಸಾಮೂಹಿಕ ಸಮಾಧಿ ಇದೆ. 1731ರಲ್ಲಿ ಕೋಟೆ ಗೋಡೆ ಮತ್ತೆ ಕಟ್ಟುವಾಗ ಸಿಕ್ಕ ಎಲುಬುಗಳನ್ನು ಅಧಿಕಾರಿ ಜೊಂಗ್ ಒನ್‌ಸೊಪ್ ಸಂಗ್ರಹಿಸಿ ಸಂಸ್ಕಾರ ಮಾಡಿಸಿದ್ದರು.

ಒಂದು ಎಚ್ಚರಿಕೆ: ಬೊಮಿಲ್ ಬಳಿಯ ಜಾಸೊಂಗ್‌ದೆ ಗುಡ್ಡವನ್ನು ಹಲವರು ಜೊಂಗ್ ಬಾಲ್ ಕಾದಿದ ಕೋಟೆ ಎಂದುಕೊಳ್ಳುತ್ತಾರೆ. ಅದು ಯುದ್ಧಕಾಲದಲ್ಲಿ ಜಪಾನಿಯರು ಕಟ್ಟಿದ ಕೋಟೆಯ ಜಾಗ. ಮೂಲ ಕೋಟೆ ಇದ್ದದ್ದು ಜ್ವಾಚೊನ್ ಕಡೆ.

ಪುಸ್ತಕಗಳಲ್ಲಿ ಕಾಣುವ ದೋಂಗ್ನೆ ಯುದ್ಧದ ಹಳೆಯ ಚಿತ್ರದ ಮೂಲ ಪ್ರತಿ ಇಲ್ಲಿದೆಯೇ?

ಇಲ್ಲ. ಬುಸಾನ್‌ಜಿನ್ ಮತ್ತು ದೋಂಗ್ನೆ ಕದನಗಳ ಆ ಎರಡು ಚಿತ್ರಗಳನ್ನು 1760ರಲ್ಲಿ ಬ್ಯೊನ್ ಬಾಕ್ ಬರೆದರು. ಎರಡೂ ಹಿಂದೆ ಅಲ್ಲಾಕ್ ಸೊವೊನ್‌ನಲ್ಲಿದ್ದವು, ಈಗ ಸೋಲ್‌ನ ಕೊರಿಯಾ ಸೇನಾ ಅಕಾಡೆಮಿಯ ವಸ್ತುಸಂಗ್ರಹಾಲಯದ ಸ್ವತ್ತು. ಅವುಗಳ ಪ್ರತಿ ನೋಡಲು ಸಿಕ್ಕರೆ ದೋಂಗ್ನೆ ಚಿತ್ರದಲ್ಲಿ ಮಾಡಿನ ಮೇಲೆ ಹೆಂಚು ಹಿಡಿದವರನ್ನು ಹುಡುಕಿ.

ಹಿರಿಯರು, ಗಾಲಿಕುರ್ಚಿಯವರು ಹೋಗಬಹುದೇ?

ಕೆಳಗಿನ ಅಂಗಳ, ಕೊಳದ ಸುತ್ತ ಸಮತಟ್ಟು, ಅಲ್ಲಿ ತೊಂದರೆ ಇಲ್ಲ. ಮುಖ್ಯ ಸಭಾಂಗಣಕ್ಕೆ ಮಾತ್ರ ಸಾಲು ಮೆಟ್ಟಿಲು. ಮಂಡಿನೋವಿನವರು ಕೆಳಗೇ ನಿಂತು ಸಭಾಂಗಣದ ಕಡೆ ತಲೆಬಾಗಿಸಿದರೂ ಗೌರವ ಸಂದಂತೆಯೇ. ಮಳೆ ಬಿದ್ದಾಗ ಕಲ್ಲು ಜಾರುತ್ತದೆ, ಹಿಡಿತ ಇರುವ ಶೂ ಹಾಕಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್, ಮೇ, ಅಕ್ಟೋಬರ್. ಜೂನ್ ಕೊನೆಯಿಂದ ಜುಲೈ ಮಳೆಗಾಲ, ಆಗಸ್ಟ್ ಸೆಕೆ. ಅಕ್ಟೋಬರ್‌ನಲ್ಲಿ ದೋಂಗ್ನೆ ಕೋಟೆಯ ಇತಿಹಾಸ ಉತ್ಸವವೂ ಇರುತ್ತದೆ.

ಹತ್ತಿರ ಸಸ್ಯಾಹಾರ ಸಿಗುತ್ತದೆಯೇ?

ದೋಂಗ್ನೆಯ ಹೆಸರುವಾಸಿ ತಿಂಡಿ ಪಾಜೊನ್, ಈರುಳ್ಳಿ ಸೊಪ್ಪಿನ ದೊಡ್ಡ ದೋಸೆ. ನೋಡಲು ಸಸ್ಯಾಹಾರ, ಆದರೆ ಒಳಗೆ ಸೀಗಡಿ, ಚಿಪ್ಪುಮೀನು, ಮೇಲೆ ಮೊಟ್ಟೆ ಇರುತ್ತದೆ. ತರಕಾರಿ ಕಲಸಿದ ಅನ್ನವಾದ ಬಿಬಿಂಬಾಪ್‌ನಲ್ಲಿ ಮಾಂಸ, ಮೊಟ್ಟೆ ಬೇಡ ಎಂದು ಹೇಳಬಹುದು, ಆದರೂ ಖಾರದ ಗೊಜ್ಜಿಗೆ ಕೆಲವೆಡೆ ದನದ ಮಾಂಸ ಸೇರಿಸಿ ಹುರಿದಿರುತ್ತಾರೆ. ಕಿಮ್ಚಿಯಲ್ಲೂ ಮೀನಿನ ರಸ ಇರುವುದೇ ಹೆಚ್ಚು. ಕಟ್ಟುನಿಟ್ಟಾದವರು ಬುತ್ತಿ ತಂದರೆ ನೆಮ್ಮದಿ, ಆದರೆ ಅದನ್ನು ಮಂದಿರದ ಆವರಣದಲ್ಲಿ ಬಿಚ್ಚಬೇಡಿ.

ಫೋಟೊ ತೆಗೆಯಬಹುದೇ?

ಹೊರಗೆ ತೆಗೆಯಬಹುದು. ಸಭಾಂಗಣದ ಒಳಗಿನ ಹಲಗೆಗಳ ಕಡೆ ಫ್ಲಾಶ್ ಹಾಕಬೇಡಿ, ಅವುಗಳಿಗೆ ಬೆನ್ನು ಹಾಕಿ ಸೆಲ್ಫಿ ಬೇಡ.

ಬುಸಾನ್‌ನಲ್ಲಿ ಭಾರತಕ್ಕೆ ಸಂಬಂಧಿಸಿದ ಯುದ್ಧ ಸ್ಮಾರಕವೂ ಇದೆಯಂತೆ, ಅದು ಇದೇನಾ?

ಅಲ್ಲ, ಅದು ಬೇರೆ ಯುದ್ಧದ್ದು. 1950ರಲ್ಲಿ ಶುರುವಾದ ಕೊರಿಯಾ ಯುದ್ಧಕ್ಕೆ ಭಾರತ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ದಳವನ್ನು ಕಳಿಸಿತ್ತು. ಆ ದಳವನ್ನೂ ಸೇರಿಸಿ ವೈದ್ಯಕೀಯ ನೆರವು ನೀಡಿದ ದೇಶಗಳಿಗಾಗಿ ನಿಲ್ಲಿಸಿದ ಸ್ಮಾರಕ ಯೊಂಗ್‌ದೋ ದ್ವೀಪದ ತೆಜೊಂಗ್‌ದೆಯಲ್ಲಿದೆ. ಯುದ್ಧ ನಿಂತ ಮೇಲೆ ಸೆರೆಯಾಳುಗಳ ಬಿಡುಗಡೆ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಆ ಯುದ್ಧದಲ್ಲಿ ಮಡಿದ ಹಲವು ದೇಶಗಳ ಸೈನಿಕರ ವಿಶ್ವಸಂಸ್ಥೆ ಸ್ಮಶಾನವೂ ಬುಸಾನ್‌ನಲ್ಲೇ, 2ನೇ ಮಾರ್ಗದ ದೆಯೊನ್ ನಿಲ್ದಾಣದ ಕಡೆ ಇದೆ. ಚುಂಗ್ನ್ಯೊಲ್‌ಸಾ, ಸ್ಮಶಾನ, ತೆಜೊಂಗ್‌ದೆ ಮೂರೂ ನಗರದ ಬೇರೆ ಬೇರೆ ದಿಕ್ಕಿನಲ್ಲಿವೆ. ಒಂದೇ ದಿನಕ್ಕೆ ತುರುಕದೆ, ಮೊದಲ ದಿನ ಸುಆನ್ ಮತ್ತು ಚುಂಗ್ನ್ಯೊಲ್‌ಸಾ, ಎರಡನೆಯ ದಿನ ಉಳಿದೆರಡು ಎಂದು ಹಂಚಿಕೊಳ್ಳಿ.